ಕಚ್ಚದ ಜೇನು

ಮಠದ ಅಡುಗೆಮನೆ ನೋಡಿಕೊಳ್ಳುತ್ತಿದ್ದ ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಮೊದಲು ಊಟಕ್ಕೆ ಕೂತವರು ಸಾರು ಸಪ್ಪೆ, ಅನ್ನ ಬೆಂದಿಲ್ಲ ಎಂದು ಕೂಗಾಡುತ್ತಿದ್ದರು. ಈಗ ಮೂರು ತಿಂಗಳಿಂದ ಒಬ್ಬರದೂ ದೂರಿಲ್ಲ. ನನ್ನ ಕೆಲಸ ಸರಿಹೋಯಿತು ಎನ್ನಬಹುದಲ್ಲವೇ?”

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಜೇನು ಸಾಕುವವನೊಬ್ಬನಿದ್ದ. ಹುಚ್ಚೆಳ್ಳಿನ ಹೊಲದ ಬದುವಿನಲ್ಲಿ ಅವನ ಇಪ್ಪತ್ತು ಪೆಟ್ಟಿಗೆಗಳಿದ್ದವು. ಸಂಸಾರ ನಡೆಯುತ್ತಿದ್ದದ್ದು ಅವುಗಳಿಂದಲೇ. ಪೆಟ್ಟಿಗೆ ತೆರೆಯುವಾಗ ತೆಂಗಿನ ನಾರು ಸುಟ್ಟು ಒಂದಿಷ್ಟು ಹೊಗೆ ಹಾಕುತ್ತಿದ್ದ. ಹೊಗೆ ತಾಗಿದರೆ ಹುಳ ಕಚ್ಚುವುದಿಲ್ಲ. ಅವನಿಗೆ ಗೊತ್ತಿದ್ದದ್ದು ಅಷ್ಟೇ.

ಒಂದು ವರ್ಷ ಹೊಲದಾಚೆ ಇಟ್ಟಿಗೆ ಗೂಡು ಬಂತು. ಅಲ್ಲಿ ಹಳೆಯ ಟೈರು ಸುಡುತ್ತಿದ್ದರು. ಗಾಳಿ ಆ ಹೊಗೆಯನ್ನು ಬದುವಿನ ಕಡೆಗೇ ತರುತ್ತಿತ್ತು. ಜೇನು ಸಾಕುವವನು ಕೆಮ್ಮಿದ, ಆದರೆ ಸಿಟ್ಟಾಗಲಿಲ್ಲ. ಹುಳಗಳು ಕಚ್ಚುವುದನ್ನೇ ಬಿಟ್ಟಿದ್ದವು. ನಾರು ಸುಡುವ ಕೆಲಸ ತಪ್ಪಿತು ಎಂದುಕೊಂಡ.

ಜೇನುತುಪ್ಪ ಕೊಳ್ಳುವ ವ್ಯಾಪಾರಿ ಬಂದ. ಎಂದಿನಂತೆ ಮುಖಕ್ಕೆ ವಸ್ತ್ರ ಸುತ್ತಿಕೊಂಡು ದೂರ ನಿಂತ.

“ಹತ್ತಿರ ಬನ್ನಿ ಸೆಟ್ಟರೇ, ಹೆದರಬೇಡಿ. ಈಗ ಇವು ನಮ್ಮ ಮನೆ ಹಸುವಿಗಿಂತ ಸಾಧು,” ಎಂದು ಅವನು ಬರಿಗೈಯಲ್ಲಿ ಮುಚ್ಚಳ ಎತ್ತಿದ.

ವ್ಯಾಪಾರಿ ಹುಳಗಳು ತುಪ್ಪ ತುಂಬುವ ಒಂದು ಎರಿ ತೆಗೆದು ಕೈಯಲ್ಲಿ ತೂಗಿದ. ಹೊಲದ ತುಂಬ ಹೂವಿತ್ತು; ಎರಿ ಹಗುರವಾಗಿತ್ತು. ಮತ್ತೊಂದು ಪೆಟ್ಟಿಗೆ ತೆರೆಸಿದ. ಅದರಲ್ಲಿ ಹುಳವೇ ಇರಲಿಲ್ಲ.

“ಹೊಗೆ ಹಾಕಿದರೆ ಇವು ಯಾಕೆ ಸುಮ್ಮನಾಗುತ್ತವೆ, ಹೇಳು ನೋಡೋಣ.”

“ಮಂಪರು ಹತ್ತುತ್ತದೆ.”

“ನಿನ್ನ ತಲೆ! ಕಾಡಿಗೆ ಬೆಂಕಿ ಬಿತ್ತು, ಮನೆ ಬಿಡಬೇಕು ಎಂದುಕೊಂಡು ಇದ್ದ ತುಪ್ಪವನ್ನೆಲ್ಲ ಹೊಟ್ಟೆಗೆ ತುಂಬಿಕೊಳ್ಳುತ್ತವೆ. ಆ ಗಡಿಬಿಡಿಯಲ್ಲಿ ಕಚ್ಚುವುದಕ್ಕೆ ಬಿಡುವೆಲ್ಲಿ? ನೀನು ಹಾಕುವುದು ಒಂದು ಗಳಿಗೆಯ ಹೊಗೆ. ಆ ಇಟ್ಟಿಗೆ ಗೂಡಿನವನು ದಿನವಿಡೀ ಹಾಕುತ್ತಿದ್ದಾನೆ. ಆ ನಾತದಲ್ಲಿ ಹೂವಿನ ವಾಸನೆ ಹತ್ತುವುದಿಲ್ಲ, ಹೊಸ ತುಪ್ಪ ಬರುವುದಿಲ್ಲ. ಇವು ಸಾಧುವಾಗಿಲ್ಲ ಮಾರಾಯ, ಹೊರಟು ನಿಂತಿವೆ.”

ಜೇನು ಸಾಕುವವನ ಮುಖ ಬಿಳಿಚಿಕೊಂಡಿತು. ಗೂಡಿನವನ ಮೇಲೆ ಜಗಳಕ್ಕೆ ಹೊರಟ.

“ಮೊದಲು ಪೆಟ್ಟಿಗೆ ಎತ್ತು, ಜಗಳ ಆಮೇಲೆ ಆಡು,” ಎಂದ ವ್ಯಾಪಾರಿ.

ಆ ಸಂಜೆಯೇ, ಹುಳಗಳು ಒಳಸೇರಿದ ಮೇಲೆ, ಉಳಿದ ಪೆಟ್ಟಿಗೆಗಳನ್ನು ಗಾಡಿಗೆ ಹೇರಿ ಗುಡ್ಡದಾಚೆಯ ಸೂರ್ಯಕಾಂತಿ ಹೊಲಕ್ಕೆ ಸಾಗಿಸಿದರು. ತಿಂಗಳು ಕಳೆಯಿತು. ಅಭ್ಯಾಸ ಬಿಡದೆ ಅವನು ಒಂದು ದಿನ ಬರಿಗೈಯಲ್ಲಿ ಮುಚ್ಚಳ ಎತ್ತಿದ. ಮರುದಿನ ಮುಖ ಕುಂಬಳಕಾಯಿಯಂತೆ ಊದಿತ್ತು, ಒಂದು ಕಣ್ಣು ಮುಚ್ಚಿಹೋಗಿತ್ತು. ಹಾಗೆಯೇ ನಗುತ್ತ ವ್ಯಾಪಾರಿಯ ಅಂಗಡಿಗೆ ಬಂದ.

“ಕಚ್ಚಿದವು ಸೆಟ್ಟರೇ!”

“ಹಾಗಾದರೆ ತುಪ್ಪಕ್ಕೆ ಡಬ್ಬ ಕಳಿಸುತ್ತೇನೆ,” ಎಂದ ವ್ಯಾಪಾರಿ.

ಕತೆ ಕೇಳಿ ಶಿಷ್ಯನೂ ನಕ್ಕ. ಅವನ ನಗು ಮುಗಿಯುವವರೆಗೆ ಗುರುಗಳು ಕಾದರು.

“ನಿನ್ನ ಪಂಕ್ತಿಯಲ್ಲಿ ಸುಮ್ಮನೆ ಉಣ್ಣುವವರಲ್ಲಿ ಎಷ್ಟು ಮಂದಿ ಬೇರೆ ಮಠ ವಿಚಾರಿಸುತ್ತಿದ್ದಾರೆ, ಕೇಳಿಕೊಂಡು ಬಾ.”