ಗುರುಪಾದನ ಗಣಿತದ ಪೇಪರು

ನಮ್ಮೂರಲ್ಲಿ ಒಬ್ಬಳು ನೀಲವ್ವ, ನೀಲವ್ವಗೊಬ್ಬ ಮಗ ಗುರುಪಾದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವ. ಅದೇ ಅವನ ಗುಣ, ಅದೇ ಅವನ ತಾಯಿಯ ಗೋಳು. ಈಗ ನಾನಿರುವ ದೂರದ ಊರಿನಲ್ಲಿ ರೊಟ್ಟಿ ಬಡಿಯುವ ಸಪ್ಪಳವೇ ಇಲ್ಲ. ಆದರೂ ಮೊಮ್ಮಗಳು ಗಣಿತದ ಪುಸ್ತಕ ತೆರೆದು ಹಣೆ ಒತ್ತಿಕೊಂಡರೆ ಸಾಕು, ನೀಲವ್ವನ ಒಲೆಯ ಮುಂದೆ ಕೂತ ಹಾಗಾಗುತ್ತದೆ ನನಗೆ.

ಗುರುಪಾದನ ಅಪ್ಪ ಹೈಸ್ಕೂಲಿನಲ್ಲಿ ಸಿಪಾಯಿ, ನೀರು ಕೊಡುವುದು, ಬಾಗಿಲು ಕಾಯುವುದು ಅವನ ಕೆಲಸ. ನೌಕರಿಯಲ್ಲಿರುವಾಗಲೇ ತೀರಿಕೊಂಡ. ಆ ನೌಕರಿ ಮಗನಿಗೆ ಬರುವುದಿತ್ತು, ಆದರೆ ಹತ್ತನೆಯ ಇಯತ್ತೆ ಪಾಸಾಗಬೇಕು. ಉಳಿದದ್ದೆಲ್ಲ ಹೇಗೋ ಮುಗಿದು ಗಣಿತವೊಂದು ಉಳಿದಿತ್ತು. ಈ ಸಲ ದಾಟದಿದ್ದರೆ ನೌಕರಿ ಬೇರೆಯವರ ಪಾಲು. ನೀಲವ್ವ ಗಣಿತದ ಕಟ್ಟೀಮನಿ ಮಾಸ್ತರರ ಬಾಗಿಲಿಗೆ ಹೋದಳು.

"ಸರ, ಹೆಂಗಾರ ಮಾಡಿ ಇವನ್ನ ದಾಟಸ್ರಿ."

"ಕಳಸು ತಂಗಿ, ನೋಡೂಣು."

ಮಾಸ್ತರರು ಮೊದಲ ದಿನ ಏಣಿಯ ಲೆಕ್ಕ ಕೊಟ್ಟರು. ಏಣಿ ಇಷ್ಟು ಉದ್ದ, ಅದರ ಬುಡ ಗೋಡೆಯಿಂದ ಇಷ್ಟು ದೂರ, ತುದಿ ಎಷ್ಟು ಎತ್ತರ ಮುಟ್ಟುತ್ತದೆ? ಗುರುಪಾದ ಕಂಡ ಅಂಕಿಯನ್ನೆಲ್ಲ ಗುಣಿಸಿ ಕೊಟ್ಟ. ಗೋಡೆ ಏಣಿಗಿಂತ ಎತ್ತರವಾಯಿತು.

"ಏಣಿ ಹತ್ತಿ ಚಂದ್ರನ ಕಡೆ ಹೊಂಟೀಯೇನೋ? ಮೊದಲ ಚಿತ್ರ ತಗಿ. ಚಿತ್ರ ತಗದರ ದಾರಿ ಕಾಣತೈತಿ."

ಮನೆಯಲ್ಲಿ ನೀಲವ್ವ ರೊಟ್ಟಿ ಬಡಿಯುತ್ತ ಕೇಳಿದಳು. "ಮಾಸ್ತರು ಏನಂದರು?"

"ಚಿತ್ರ ತಗಿ ಅಂದರು."

"ಅಂದಂಗ ಮಾಡು, ನನ್ನಪ್ಪ."

ಮರುದಿನ ಬಂದದ್ದು ತಂದೆ ಮಗನ ವಯಸ್ಸಿನ ಲೆಕ್ಕ. ಗುರುಪಾದ ಚಿತ್ರ ತೆಗೆದ. ತಂದೆಯ ತಲೆಗೆ ಪಟಕಾ ಸುತ್ತಿದ, ಮೀಸೆ ತಿರುವಿದ, ಮಗನ ಕೈಗೆ ತಂದೆಯ ಬೆರಳು ಹಿಡಿಸಿದ. ಹೊತ್ತು ಮುಗಿಯಿತು. ಮಾಸ್ತರರು ಹಾಳೆಯನ್ನು ಬೆಳಕಿಗೆ ಹಿಡಿದರು.

"ನಿಮ್ಮಪ್ಪನ ಮೀಸಿ ಖರೇನ ಹಿಂಗ ಇತ್ತು ಬಿಡು. ಆದರ ವಯಸ್ಸಿನ ಲೆಕ್ಕಕ್ಕ ಮೀಸಿ ಯಾಕೋ? ಗೊತ್ತಿಲ್ಲದ್ದನ್ನ ಎಕ್ಸ್ ಅಂತ ಬರಕೋಬೇಕು."

"ಏನಂದರು?" ರೊಟ್ಟಿ ತಿರುವುತ್ತ ನೀಲವ್ವ ಕೇಳಿದಳು.

"ಗೊತ್ತಿಲ್ಲದ್ದಕ್ಕ ಎಕ್ಸ್ ಬರಿ ಅಂದರು."

"ಅಂದಂಗ ಮಾಡು, ನನ್ನಪ್ಪ."

ಮುಂದಿನ ಸಲ ಮಾಸ್ತರರು ಒಂದಿಡೀ ಪ್ರಶ್ನೆಪತ್ರಿಕೆಯನ್ನೇ ಕೊಟ್ಟರು. ಮೊದಲ ಉತ್ತರ ಎಕ್ಸ್, ಎರಡನೆಯದು ಎಕ್ಸ್, ಕೆಳಗಿನ ತನಕ ಎಕ್ಸ್.

"ಏನೋ ಇದು, ಗೋಡಿಗೆ ಇರಿವಿ ಹತ್ತಿದಂಗ?"

"ಒಂದೂ ಗೊತ್ತಿರಲಿಲ್ಲರಿ ಸರ."

ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. "ಎಕ್ಸ್ ಬರದ ಮ್ಯಾಲ ಅದನ್ನ ಹುಡುಕಬೇಕಪ್ಪ. ಇರಲಿ. ದೊಡ್ಡ ಅಂಕಿ ನೋಡಿ ಅಂಜೀದಿ. ದೊಡ್ಡದು ಬಂದರ ಸಣ್ಣದು ಮಾಡಿಕೊಂಡು ನೋಡು."

"ಏನಂದರು?"

"ದೊಡ್ಡದನ್ನ ಸಣ್ಣದು ಮಾಡು ಅಂದರು."

"ಅಂದಂಗ ಮಾಡು, ನನ್ನಪ್ಪ."

ಆಮೇಲೆ ಬಂದದ್ದು ಕಂಪನಿ ನಾಟಕದ ಲೆಕ್ಕ. ಮುಂದಿನ ಸಾಲಿನಲ್ಲಿ ಇಷ್ಟು ಕುರ್ಚಿ, ಹಿಂದೆ ಹೋದ ಹಾಗೆ ಸಾಲಿಗೆ ಎರಡೆರಡು ಹೆಚ್ಚು, ಒಟ್ಟು ಎಷ್ಟು? ಗುರುಪಾದ ಒಂದೇ ಸಾಲು ಇಟ್ಟುಕೊಂಡು ಉಳಿದದ್ದನ್ನೆಲ್ಲ ತೆಗೆದುಹಾಕಿದ.

"ಉಳಿದ ಮಂದಿ ಎಲ್ಲಿ ಕೂಡಬೇಕೋ?"

"ನೆಲದ ಮ್ಯಾಲರಿ ಸರ. ನಾನೂ ಅವ್ವನೂ ಅಲ್ಲೇ ಕೂಡತೀವಿ."

ನಾವೆಲ್ಲ ಅಲ್ಲೇ ಕೂಡುತ್ತಿದ್ದೆವು, ಚಾಪೆ ಕಂಕುಳಲ್ಲಿ ಹಿಡಿದು ಹೋಗಿ. ಮಾಸ್ತರರಿಗೂ ನಗು ಬಂತು. ನಕ್ಕು, ಉಸ್ಸೆಂದು ಹೇಳಿದರು. "ಸಣ್ಣದರಾಗ ದಾರಿ ತಿಳಕೊಂಡು ದೊಡ್ಡದಕ್ಕ ತಿರುಗಿ ಬರಬೇಕೋ. ನಿನ್ನಿ ಲೆಕ್ಕದ ದಾರಿ ಇವತ್ತಿನ ಲೆಕ್ಕಕ್ಕ ನಡಿಯೂದಿಲ್ಲ. ಲೆಕ್ಕ ನೋಡಿ ದಾರಿ ಆರಸು. ಏನೂ ತಿಳೀಲಿಲ್ಲ ಅಂದರ, ಕಡೀಕ ಏನು ಬೇಕು ಅನ್ನೂದನ್ನ ಹಿಡಿ. ಅಲ್ಲಿಂದ ಹಿಂದ ಹಿಂದಕ ಬಾ."

"ಏನಂದರು?"

"ಕಡೀಂದ ಹಿಂದಕ ಬಾ ಅಂದರು."

"ಅಂದಂಗ ಮಾಡು, ನನ್ನಪ್ಪ. ನಾಳೆ ದೊಡ್ಡ ಪರೀಕ್ಷಾ."

ಬೆಳಿಗ್ಗೆ ಮೊಸರು ಸಕ್ಕರೆ ತಿನ್ನಿಸಿ, ಕಿಸೆಗೆ ಪೆನ್ನು ಸಿಕ್ಕಿಸಿ, ಶಾಲೆಯ ಗೇಟಿನ ತನಕ ಬಂದು ನೀಲವ್ವ ಬಿಸಿಲಲ್ಲೇ ಕೂತಳು. ಪರೀಕ್ಷೆ ಬಿಟ್ಟಿತು, ಮಕ್ಕಳೆಲ್ಲ ಬಂದರು, ಗುರುಪಾದ ಬರಲಿಲ್ಲ.

"ನಮ್ಮ ಗುರುಪಾದ ಹೆಂಗ ಬರದನವಾ?" ಎಂದು ಒಂದು ಹುಡುಗಿಯನ್ನು ಕೇಳಿದಳು.

"ಬರಿಯೂದೇನ ಅತ್ತಿ, ಎಲ್ಲಾರಿಗೂ ನೀರು ಕೊಡಕೋತ ಅಡ್ಡಾಡತಿದ್ದ."

ನೀಲವ್ವ ಓಡಿದಳು. ಮಗ ಕೋಣೆಯ ಬೆಂಚುಗಳನ್ನು ಸರಿಮಾಡುತ್ತಿದ್ದ.

"ಪೇಪರ್ ಬರದ್ಯೋ ಇಲ್ಲೋ, ನನ್ನ ಮಗನ?"

"ಪ್ರಶ್ನಿ ನೋಡಿದರ ಏನೂ ತಿಳೀಲಿಲ್ಲವ್ವ. ಕಡೀಕ ಏನು ಬೇಕು? ನೌಕರಿ. ಅದಕ್ಕ ಎದ್ದು ಬಂದು ಮೊದಲ ಅದನ್ನ ಮಾಡಿದೆ. ನೀರು ಕೊಟ್ಟೆ, ಬಾಗಿಲಾ ಕಾಯ್ದೆ. ನಮ್ಮ ಸಿಪಾಯಿ ಮಗ ಅಂತ ಯಾರೂ ಬ್ಯಾಡ ಅನಲಿಲ್ಲ."

"ಪಾಸಾಗೂದು ಯಾವಾಗೋ?"

"ನೌಕರಿ ಹಿಂದಿಂದು ಪಾಸಾಗೂದು. ಅದರ ಹಿಂದಿಂದು ಬರಿಯೂದು." ಗುರುಪಾದ ಖಾಲಿ ಬೆಂಚಿನ ಮೇಲೆ ಕೂತು ಕಿಸೆಯ ಪೆನ್ನು ತೆಗೆದ. "ನೀ ಹೊರಗ ಕುಂದರು ಹೋಗವ್ವ. ಈಗ ಬರೀತೇನಿ. ಮಂದಿ ಎಲ್ಲಾ ಹೋದರು, ಗದ್ದಲಾನೂ ಇಲ್ಲ."