ಬಿಟ್ಟ ಜಾಗ

ಹೊಳೆಯ ದಂಡೆಯಲ್ಲೊಂದು ಆಶ್ರಮ. ಅಲ್ಲಿ ಗುರುಗಳು ಮಕ್ಕಳಿಗೆ ಚಿತ್ರಕಲೆ ಕಲಿಸುತ್ತಿದ್ದರು.

ಆ ವರ್ಷ ಒಂದೇ ಸ್ಥಾನ ಉಳಿದಿತ್ತು. ಬಂದ ಮಕ್ಕಳಿಗೆಲ್ಲ ಒಂದೊಂದು ಹಾಳೆ ಕೊಟ್ಟರು. ಹಾಳೆಯ ಮೇಲೆ ಮೊದಲೇ ಒಂದು ಬಾಗಿದ ಗೆರೆ ಇತ್ತು. ಅದನ್ನು ಬಳಸಿಕೊಂಡು ತೋಚಿದ ಚಿತ್ರ ಬಿಡಿಸಬೇಕು. ಯಾರ ಕಲ್ಪನೆ ಹೊಸದೋ ಅವರಿಗೆ ಸ್ಥಾನ.

ಅಂಕ ಕೊಡಲು ಶಿಷ್ಯ ಶಂಭುಲಿಂಗ ಒಂದು ಯಂತ್ರ ಸಿದ್ಧಪಡಿಸಿದ್ದ. ಅದು ಹಾಳೆಗಳನ್ನೆಲ್ಲ ನೋಡಿ ಮುಗಿಸಿತು.

"ಕೊನೆಯಲ್ಲಿ ಯಾರಿದ್ದಾರೆ?" ಗುರುಗಳು ಕೇಳಿದರು.

"ಹರಿಗೋಲು ನಡೆಸುವವರ ಮಗಳು, ನೀಲವ್ವ. ನೂರಕ್ಕೆ ನಾಲ್ಕು. ಒಂದು ಚುಕ್ಕೆ ಇಟ್ಟು ಎದ್ದುಬಿಟ್ಟಿದ್ದಾಳೆ. ಗಂಟು ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಾಳೆ. ಮನೆಗೆ ಕಳಿಸಲೇ?"

"ಯಂತ್ರಕ್ಕೆ ಕಲಿಸಿದವರು ಯಾರು?"

"ನೀವೇ, ಗುರುಗಳೇ. ನೀವು ಹಿಂದೆ ಅಂಕ ಕೊಟ್ಟ ಚಿತ್ರಗಳನ್ನೆಲ್ಲ ಅದಕ್ಕೆ ತೋರಿಸಿದೆ. ಯಾವುದಕ್ಕೆ ಎಷ್ಟು ಎಂಬುದನ್ನು ಅದೇ ಕಂಡುಕೊಂಡಿತು. ಪರೀಕ್ಷಿಸಿಯೂ ನೋಡಿದೆ. ನಿಮ್ಮ ಅಂಕಕ್ಕೂ ಅದರ ಅಂಕಕ್ಕೂ ಹೆಚ್ಚು ಅಂತರವಿಲ್ಲ."

"ಏನು ಕಂಡುಕೊಂಡಿತು?"

"ಅದನ್ನು ಹೇಳುವುದಿಲ್ಲ. ಅಂಕ ಮಾತ್ರ ಕೊಡುತ್ತದೆ."

ಗುರುಗಳು ಒಂದು ಹಾಳೆ ತೆಗೆದುಕೊಂಡರು. ಕುಂಚವನ್ನು ಮಸಿಯಲ್ಲಿ ಅದ್ದಿ ಅಂಚಿನಿಂದ ಅಂಚಿಗೆ ಬಳಿದರು. ಬಾಗಿದ ಗೆರೆಯೂ ಮುಚ್ಚಿಹೋಯಿತು.

"ಇದಕ್ಕೆಷ್ಟು, ಕೇಳು."

ಶಿಷ್ಯ ಹಾಳೆಯನ್ನು ಯಂತ್ರದ ಮುಂದಿಟ್ಟ. ಅವನ ಮುಖ ಇಳಿಯಿತು.

"ತೊಂಬತ್ತೊಂದು."

"ನಿನ್ನ ಯಂತ್ರಕ್ಕೆ ಮಸಿಯೆಂದರೆ ಬಲು ಪ್ರೀತಿ."

"ತಪ್ಪು ಕಲಿತಿದೆ, ಗುರುಗಳೇ. ಕಿತ್ತು ಹಾಕುತ್ತೇನೆ."

"ತಡಿ. ಆ ಹಳೆಯ ಚಿತ್ರಗಳನ್ನು ತಾ."

ಶಿಷ್ಯ ಅವನ್ನು ನೆಲದ ಮೇಲೆ ಹರಡಿದ. ಹಾಳೆ ತುಂಬ ಬರೆದವರಿಗೆಲ್ಲ ಒಳ್ಳೆಯ ಅಂಕ. ಕಡಿಮೆ ಬರೆದವರಿಗೆ ಕಡಿಮೆ. ಎಲ್ಲವೂ ಗುರುಗಳ ಕೈಬರಹ.

ಗುರುಗಳು ಒಂದೊಂದನ್ನೇ ಎತ್ತಿ ನೋಡಿ ಕೆಳಗಿಟ್ಟರು.

"ನಾನು ಬಾಯಲ್ಲಿ ಹೇಳಿದ್ದನ್ನು ನೀನು ಕಲಿತೆ. ಕೈಯಲ್ಲಿ ಮಾಡಿದ್ದನ್ನು ಅದು ಕಲಿತಿದೆ. ಆ ಹುಡುಗಿಯನ್ನು ಕರಿ."

ನೀಲವ್ವ ಗಂಟನ್ನು ಮೆಟ್ಟಿಲ ಮೇಲೆಯೇ ಬಿಟ್ಟು ಒಳಗೆ ಬಂದಳು. ಗುರುಗಳು ಅವಳ ಹಾಳೆಯನ್ನು ಮುಂದಿಟ್ಟುಕೊಂಡರು.

"ಈ ಗೆರೆ ಏನು, ಮಗು?"

"ನಮ್ಮ ದಂಡಿರೀ."

"ಈ ಚುಕ್ಕೆ?"

"ಅಪ್ಪನ ಹರಗೋಲ. ಆ ಕಡಿ ದಂಡಿಗೆ ಹೊಂಟೈತಿ."

"ಆ ಕಡೆಯ ದಂಡೆ ಎಲ್ಲಿ?"

"ಮಂಜ ಬಿದ್ದೈತಲ್ರೀ. ಹೆಂಗ ಕಾಣಬೇಕು?"

"ಸರಿ. ನಡುವೆ ಇಷ್ಟೊಂದು ಜಾಗ ಯಾಕೆ ಬಿಟ್ಟೆ?"

ಇಷ್ಟೂ ತಿಳಿಯದೇ ಎನ್ನುವಂತೆ ಹುಡುಗಿ ಅವರನ್ನು ನೋಡಿದಳು.

"ಬಿಟ್ಟಿಲ್ರೀ ಅಜ್ಜಾರ, ಬಿಡಿಸೀನಿ. ಅದು ಹೊಳಿ."

ಗುರುಗಳು ಎದ್ದು ಹೊರಗೆ ಹೋದರು. ಅವಳ ಗಂಟನ್ನು ತಾವೇ ಎತ್ತಿ ತಂದು ಒಳಗಿಟ್ಟರು.

ಶಿಷ್ಯ ನೀಲವ್ವನ ಹಾಳೆಯನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಯಂತ್ರದ ಕಡೆ ತಿರುಗಿದ.

"ಇದಕ್ಕೆ ಎಷ್ಟು ಅಂಕವೆಂದು ಕಲಿಸಲಿ, ಗುರುಗಳೇ?"

ಗುರುಗಳು ಅವನ ಇನ್ನೊಂದು ಕೈಯನ್ನೂ ಹಿಡಿದು ಹಾಳೆಯ ಕೆಳಗಿಟ್ಟರು.

"ಓರೆ ಮಾಡಬೇಡ. ಹೊಳೆ ತುಳುಕೀತು."