ಬಿಚ್ಚಿ ಹೆಣೆಯೋ ಅಳಿಯ

ಒಂದಾನೊಂದು ಕಾಲ. ಯಾವ ಕಾಲ ಅಂತ ಕೇಳ್ಬೇಡ, ನನಗೆ ಹೇಳಿದ ನಮ್ಮಜ್ಜಿಗೂ ಗೊತ್ತಿರ್ಲಿಲ್ಲ. ಆಗ ಒಂದೂರಲ್ಲಿ ಪಾಲಯ್ಯ ಅಂತ ಒಬ್ಬ ಇದ್ನಂತೆ. ನಾರು ಹೊಸೆದು ಹಗ್ಗ ಮಾಡೋದು, ಹಗ್ಗದಲ್ಲಿ ಮಂಚ ಹೆಣೆಯೋದು ಅವನ ಕಸುಬು. ಕೈಕೆಲಸದಲ್ಲಿ ಗಟ್ಟಿಗ, ಜನರ ಜೊತೆ ಮಾತ್ರ ಬೇರೆ ಥರ. ಎದುರಿಗಿರೋರ ಮುಖ ನೋಡ್ತಿರ್ಲಿಲ್ಲವಂತೆ, ತಮಟೆ ಸದ್ದು ಕೇಳಿದ್ರೆ ಕಿವಿ ಮುಚ್ಕೊಂಡು ಓಡೋನಂತೆ, ಒಂದು ಗಳಿಗೆ ಕೂತ್ಕೊಳಪ್ಪ ಅಂದ್ರೆ ಸರಿಯಾಗಿ ಒಂದು ಗಳಿಗೆ ಕೂತು ಎದ್ದು ಹೋಗೋನಂತೆ. ಊರೋರು ನಗೋರು. ನಗ್ಲಿ ಬಿಡು, ಅವರೇನು ಮಹಾ.

ಅವನಿಗೆ ಮೂರು ಜನ ಅಣ್ಣಂದಿರು. ದೊಡ್ಡಣ್ಣ ಮನೆಗೆ ಕರ್ಕೊಂಡು ಹೋಗಿ ಇದ್ದಬದ್ದ ಮಂಚ ಎಲ್ಲ ಹೆಣೆಸಿಕೊಂಡು, ಆಮೇಲೆ ಇನ್ನು ಕೆಲಸ ಇಲ್ಲಪ್ಪ, ನಡುವಿನವನ ಮನೆಗೆ ಹೋಗು ಅಂದ್ನಂತೆ. ನಡುವಿನವನೂ ಹಂಗೇ ಮಾಡಿದ್ನಂತೆ. ಮೂರನೆಯವನು ಹೋಗು ಅಂತ ಬಾಯಿಬಿಟ್ಟೂ ಹೇಳ್ಲಿಲ್ಲ, ತಟ್ಟೆ ಇಡೋದು ನಿಲ್ಲಿಸಿಬಿಟ್ನಂತೆ. ಪಾಲಯ್ಯನಿಗೆ ಅದು ಅರ್ಥ ಆಗೋಕೆ ಎರಡು ಹೊತ್ತು ಉಪವಾಸ ಬೇಕಾಯ್ತು. ಅವತ್ತು ಅವನು ಮನಸಲ್ಲಿ ಗಟ್ಟಿ ಮಾಡ್ಕೊಂಡ್ನಂತೆ, ಕೆಲಸ ಇರೋ ತನಕ ಅನ್ನ, ಕೆಲಸ ಮುಗಿದ್ರೆ ಬೀದಿ ಅಂತ.

ಆಮೇಲೆ ಪಕ್ಕದೂರಿನ ಬೊಮ್ಮಕ್ಕ, ಈತ ಬಾಯಲ್ಲೊಂದು ಮನಸಲ್ಲೊಂದು ಇಟ್ಕೊಳ್ಳೋನಲ್ಲ ಅಂತ ತಾನೇ ಮೆಚ್ಚಿ ಮದುವೆಯಾಗಿ, ಮನೆ ಅಳಿಯನ್ನಾಗಿ ಕರ್ಕೊಂಡು ಬಂದ್ಲಂತೆ. ಅತ್ತೆ ಮಾವ ಒಳ್ಳೇರು. ಪಾಲಯ್ಯ ಬಂದೋನೇ ಮಂಚ ಬಿಗಿದ, ಮೊಸರುಗಡಿಗೆ ತೂಗುಹಾಕೋ ನೆಲುವು ಹೆಣೆದ, ಬಾವಿಗೆ ಹೊಸ ಹಗ್ಗ ಹೊಸೆದ. ನೋಡ್ತಾನೆ, ಮನೇಲಿ ಇನ್ನೇನೂ ಕೆಲಸ ಉಳಿದಿಲ್ಲ. ಇನ್ನು ಬೊಮ್ಮಕ್ಕನ್ನ ಬಿಟ್ಟು ಹೋಗಬೇಕಾಗುತ್ತಲ್ಲ ಅಂತ ಊಟ ಸೇರ್ಲಿಲ್ಲವಂತೆ.

ಆಮೇಲೆ ಏನ್ ಮಾಡ್ದ ಗೊತ್ತಾ? ಎಲ್ಲ ಹೊಲಕ್ಕೆ ಹೋದಾಗ ಮಂಚದ ಹಗ್ಗ ತಾನೇ ಬಿಚ್ಚಿ, ಸಂಜೆ ಎಲ್ಲರೆದುರು ಕೂತು ಹೆಣೆದ್ನಂತೆ. ಎಂಥ ದುಡಿಮೆಗಾರ ನಮ್ಮಳಿಯ ಅಂತ ಅತ್ತೆ ಹೊಗಳಿದ್ಲು, ಇವನಿಗೆ ಹೋದ ಉಸಿರು ಬಂತು. ಸುಳ್ಳು ಹೇಳ್ಲಿಲ್ಲ ನೋಡು, ಯಾರೂ ಕೇಳಿರ್ಲಿಲ್ಲ ಅಷ್ಟೆ. ಇನ್ನೊಂದಿನ ನೆಲುವಿನ ಗಂಟು ಸಡಿಲ ಮಾಡಿದ್ನಂತೆ, ಮೊಸರುಗಡಿಗೆ ಬಿದ್ದು ಒಡೆದು ಬೆಕ್ಕಿಗೆ ಹಬ್ಬ. ಬೈಗುಳವೂ ಬೆಕ್ಕಿಗೇ. ಮೂರನೇ ಸಲ ಬಾವಿ ಹಗ್ಗದ ಎಳೆ ಬಿಚ್ಚಿಟ್ಟು ನಾರು ತರೋಕೆ ಹೋದ್ನಂತೆ. ಬರೋದ್ರೊಳಗೆ ಬೊಮ್ಮಕ್ಕ ನೀರು ಸೇದೋಕೆ ಹೋಗಿದಾಳೆ, ಹಗ್ಗ ಪಟ್ ಅಂತ ಕಿತ್ತು ಕೊಡ ಬಾವಿಗೆ ಬಿತ್ತು, ಅವಳು ಹಿಂದಕ್ಕೆ ಬಿದ್ದು ಮೊಣಕೈ ತರಚಿ ರಕ್ತ ಬಂತಂತೆ.

ನಾರು ಹೊತ್ತು ಬಂದ ಪಾಲಯ್ಯ ಆ ರಕ್ತ ನೋಡಿ ನಾರನ್ನ ಅಲ್ಲೇ ಬಿಸಾಕಿದ. ನಾನೇ ಬಿಚ್ಚಿದ್ದು, ಮಂಚಾನೂ ನಾನೇ, ನೆಲುವೂ ನಾನೇ, ಕೆಲಸ ಮುಗಿದ್ರೆ ಕಳಿಸಿಬಿಡ್ತೀರ ಅಂತ ಹಂಗೆ ಮಾಡಿದೆ, ಈಗ ನಾನೇ ಹೋಗ್ತೀನಿ ಅಂತ ಎಲ್ಲ ಹೇಳಿ, ಕಂಬಳಿ ಹೆಗಲಿಗೆ ಹಾಕ್ಕೊಂಡು ಹೊರಟ್ನಂತೆ.

ಅತ್ತೆ ಬಾಗಿಲಿಗೆ ಅಡ್ಡ ನಿಂತು, ಹುಚ್ಚಪ್ಪಾ, ನಿನ್ನಂಥ ಕಸುಬುಗಾರನ್ನ ಯಾರಾದ್ರೂ ಕಳಿಸ್ತಾರಾ ಅಂದ್ಲಂತೆ. ಅವನು, ನಾಳೆ ನನ್ನ ಕೈ ಮುರಿದ್ರೆ ಅಂತ ಕೇಳಿದ್ನಂತೆ. ಅತ್ತೆ ತಿರುಗಿ ಮಾವನ ಕಡೆ ನೋಡಿದ್ಲಂತೆ. ಆಮೇಲೆ ಮಾವ ಎದ್ದು ಬಂದು, ಕಸುಬು ಹಾಳಾಗ್ಲಿ, ನೀನು ಬಂದ ಮೇಲೆ ನನ್ನ ಮಗಳು ನಗ್ತಾಳಪ್ಪ, ಅಷ್ಟು ಸಾಕು ಅಂದ್ನಂತೆ. ಅವನು ಅದನ್ನೂ ಯೋಚನೆ ಮಾಡಿ, ಅವಳು ಒಂದಿನ ನಗದೇ ಹೋದ್ರೆ ಅಂತ ಕೇಳಿದ್ನಂತೆ. ಅವನು ಕೇಳಿದ್ದೇನೂ ತಪ್ಪಲ್ಲ ನೋಡು, ಅತ್ತೆ ಹೆಣೆಯೋ ಕೆಲಸ, ಮಾವ ನಗಿಸೋ ಕೆಲಸ, ಇಬ್ರೂ ಅವನಿಗೆ ಕೆಲಸಾನೇ ಕೊಟ್ಟಿದ್ರು.

ಬೊಮ್ಮಕ್ಕ ಮೊಣಕೈಗೆ ಅರಿಶಿನ ಒತ್ಕೊಂಡು ಕೂತಿದ್ಲು. ಕೂತಲ್ಲಿಂದಲೇ ಅವಳು ಹೇಳಿದ್ಲಂತೆ, "ನಗದೇ ಹೋದ್ರೂ ಇರು. ಅವತ್ತು ಇಬ್ರೂ ನಗದೇ ಇರಾಣ."

ಪಾಲಯ್ಯ ನಿಂತಲ್ಲೇ ನಿಂತು ಆ ಮಾತನ್ನ ಹಿಂದೆ ಮುಂದೆ ತಿರುಗಿಸಿ ನೋಡಿದ್ನಂತೆ. ಯಾವ ಕಡೆಯಿಂದ ಎಳೆದ್ರೂ ಅದು ಬಿಚ್ಚಲಿಲ್ಲವಂತೆ. ಆಮೇಲೆ ಅತ್ತುಬಿಟ್ಟ. ಸಂಕಟಕ್ಕಲ್ಲ, ಎಷ್ಟೋ ವರ್ಷದಿಂದ ಹೊತ್ತಿದ್ದ ಮೂಟೆ ಇಳಿಸಿ ಹಗುರಾಗಿದ್ದಕ್ಕೆ. ಅತ್ತು ಮುಗಿಸಿ ಹೋಗಿ ಬೊಮ್ಮಕ್ಕನ ಪಕ್ಕ ಕೂತು, ಅತ್ತೆ ಕೊಟ್ಟ ಹುರಿಗಡಲೆ ತಿಂದ್ನಂತೆ. ಮಾರನೇ ದಿನ ಬಾವಿಗೆ ಹಗ್ಗ ಹೊಸೆದ, ಮನೆಗೆ ನೀರು ಬೇಕಿತ್ತಲ್ಲ, ಅದಕ್ಕೆ. ಆಮೇಲೆ ಮುದುಕನಾಗಿ ಕೈ ನಡುಗೋ ತನಕ, ನಡುಗೋಕೆ ಶುರುವಾದ ಮೇಲೂ, ಆ ಮನೇಲೇ ಸುಖವಾಗಿ ಇದ್ನಂತೆ.

ಕತೆ ಮುಗೀತು ಮಗಾ. ಕಣ್ಣು ಎಳೀತಿದೆ, ಇನ್ನೂ ಹೂಂ ಹೂಂ ಅಂತಿದೀಯಲ್ಲ. ಹೂಂ ಅನ್ನದಿದ್ರೂ ನಾನು ಇಲ್ಲೇ ಇರ್ತೀನಿ, ಮಲಕ್ಕೊ.